ಗೊತ್ತಿದೆ ಅನ್ನುವುದನ್ನು ಅಳೆಯುವುದು



ಯಾವ ಕಾಯಿಲೆ ಹೇಗೆ ಹರಡುತ್ತದೆ, ಮೊಬೈಲಿನಲ್ಲಿ ಮೋಸ ಹೇಗೆ ನಡೆಯುತ್ತದೆ ಎಂಬುದು ಜನರಿಗೆ ಎಷ್ಟರಮಟ್ಟಿಗೆ ಗೊತ್ತಿದೆ? ಇದನ್ನು ತಿಳಿಯಲು ನಮ್ಮ ದೇಶದಲ್ಲಿ ಆಗಾಗ ಸಮೀಕ್ಷೆಗಳು ನಡೆಯುತ್ತವೆ. ಫಲಿತಾಂಶ ಪತ್ರಿಕೆಯಲ್ಲಿ ಒಂದು ಸಾಲಿನ ತಲೆಬರಹವಾಗಿ ಬರುತ್ತದೆ: ನೂರಕ್ಕೆ ಇಷ್ಟು ಜನರಿಗೆ ಇಂಥದ್ದು ಗೊತ್ತಿಲ್ಲ. ಓದಿದವರು ‘ನಮ್ಮ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ’ ಎಂದು ಪುಟ ತಿರುಗಿಸುತ್ತಾರೆ. ಇವತ್ತು ನಾವು ಆ ಅಂಕಿಯ ಹಿಂದಕ್ಕೆ ಹೋಗಿ ನೋಡೋಣ. ಪ್ರಶ್ನೆ ಕೇಳಿದವರು ಯಾರು, ಕೇಳಿದ್ದು ಹೇಗೆ, ಉತ್ತರ ಹೇಳುವಾಗ ಪಕ್ಕದಲ್ಲಿ ಯಾರಿದ್ದರು? ಇವನ್ನೆಲ್ಲ ವಿಚಾರಿಸಿದ ಮೇಲೆ ನನಗೆ ಅನ್ನಿಸುವುದು ಇಷ್ಟು: ಇಂಥ ಸಮೀಕ್ಷೆಯಲ್ಲಿ ಅಂಕ ಬೀಳುವುದು ಜನರಿಗಲ್ಲ, ಅವರಿಗೆ ತಿಳಿಸಬೇಕಾಗಿದ್ದವರಿಗೆ.

ಈ ಕೆಲಸಕ್ಕೆ ನಮ್ಮ ನಾಡಿನಲ್ಲಿಯೇ ಹಳೆಯ ಚರಿತ್ರೆಯಿದೆ. 1951-52ರ ಸುಮಾರಿನಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಆಗಿನ ಮೈಸೂರು ರಾಜ್ಯದ ಪ್ರದೇಶವನ್ನು ಆರಿಸಿಕೊಂಡು ಜನಸಂಖ್ಯೆಯ ಒಂದು ದೊಡ್ಡ ಅಧ್ಯಯನಕ್ಕೆ ಕೈಹಾಕಿದವು. ಬೆಂಗಳೂರು ನಗರದಲ್ಲೂ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಹುಟ್ಟು, ಸಾವು, ಮದುವೆಯ ವಯಸ್ಸುಗಳ ಲೆಕ್ಕ ತೆಗೆದುಕೊಂಡರು. ಅದರ ಜೊತೆಗೇ ಕುಟುಂಬ ಯೋಜನೆಯ ಬಗ್ಗೆ ನಿಮಗೇನು ಗೊತ್ತು, ನಿಮ್ಮ ಅಭಿಪ್ರಾಯವೇನು ಎಂದೂ ಕೇಳಿದರು. ಆ ಕಾಲಕ್ಕೆ ಹಳ್ಳಿಯ ಹೆಣ್ಣುಮಗಳೊಬ್ಬಳ ಅಭಿಪ್ರಾಯವನ್ನು ಸರ್ಕಾರದ ಕಡೆಯವರು ಬಂದು ಕೇಳಿ ಬರೆದುಕೊಳ್ಳುವುದೇ ಹೊಸ ಸಂಗತಿ. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಜನಸಂಖ್ಯಾಶಾಸ್ತ್ರ ಓದುವವರಿಗೆ ಅದು ಇಂದಿಗೂ ‘ಮೈಸೂರು ಅಧ್ಯಯನ’ ಎಂದೇ ಪರಿಚಿತ.

ಅದೇ ವರ್ಷಗಳಲ್ಲಿ ರಾಮನಗರದಲ್ಲಿ ಮತ್ತೊಂದು ಪ್ರಯೋಗ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಬಂದ ಡಾ. ಅಬ್ರಹಾಂ ಸ್ಟೋನ್ ಅವರು, ದಿನಗಳನ್ನು ಎಣಿಸಿ ಗರ್ಭ ನಿಲ್ಲದಂತೆ ನೋಡಿಕೊಳ್ಳುವ ಕ್ರಮವನ್ನು ಕಲಿಸುವ ಯೋಜನೆ ಹಾಕಿದರು. ಕ್ಯಾಲೆಂಡರು ಓದಲು ಬಾರದ ಹೆಂಗಸರಿಗಾಗಿ ಒಂದು ಮಣಿಸರ ತಯಾರಾಯಿತು. ಭಯವಿಲ್ಲದ ದಿನಗಳಿಗೆ ಒಂದು ಬಣ್ಣದ ಮಣಿ, ಎಚ್ಚರದಿಂದಿರಬೇಕಾದ ದಿನಗಳಿಗೆ ಇನ್ನೊಂದು ಬಣ್ಣದ್ದು. ದಿನಕ್ಕೊಂದು ಮಣಿಯನ್ನು ಪಕ್ಕಕ್ಕೆ ಸರಿಸಬೇಕು. ಕಲಿಯುತ್ತೀರಾ ಎಂದು ಕೇಳಿದಾಗ ಹೂಂ ಅಂದವರು ಬಹಳ ಮಂದಿ. ಬಿಡದೆ ಪಾಲಿಸಿದವರು ಕೆಲವೇ ಮಂದಿ. ಕೆಲಸದ ನಡುವೆ ಮಣಿ ಸರಿಸಲು ಮರೆತವರಿದ್ದರು, ಮುಟ್ಟಿನ ಕ್ರಮ ತಪ್ಪಿ ಲೆಕ್ಕ ಕೆಟ್ಟವರಿದ್ದರು, ಸರವನ್ನು ಹತ್ತಿರ ಇಟ್ಟುಕೊಳ್ಳುವುದಕ್ಕೇ ಸಂಕೋಚಪಟ್ಟವರಿದ್ದರು. ಅವರಲ್ಲಿ ಯಾರನ್ನೂ ‘ಗೊತ್ತಿಲ್ಲ’ ಎಂಬ ಪಟ್ಟಿಗೆ ಸೇರಿಸುವಂತಿಲ್ಲ. ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದು ಬದುಕಿನೊಳಗೆ ಹೊಂದಿಕೊಳ್ಳಲಿಲ್ಲ, ಅಷ್ಟೇ.

ಮುಂದೆ ಈ ಬಗೆಯ ಸಮೀಕ್ಷೆಗೆ ‘ಕೆಎಪಿ’ ಎಂಬ ಹೆಸರು ಬಂತು. ತಿಳಿವಳಿಕೆ, ಧೋರಣೆ, ನಡವಳಿಕೆ ಈ ಮೂರನ್ನೂ ಬೇರೆಬೇರೆಯಾಗಿ ಕೇಳುವುದು ಇದರ ಕ್ರಮ. ತಿಳಿದದ್ದೆಲ್ಲ ನಡೆಯಲ್ಲಿ ಕಾಣುವುದಿಲ್ಲ ಎಂದು ರಾಮನಗರದಂಥ ಅನುಭವಗಳೇ ಹೇಳಿಕೊಟ್ಟಿದ್ದವು. ಎಪ್ಪತ್ತು ವರ್ಷ ಕಳೆದರೂ ಪ್ರಶ್ನಾವಳಿ ಬರೆಯುವವರು ಎದುರಿಸುವ ತೊಡಕು ಇದೇ.

ಈಗ ಇಂದಿನ ದೊಡ್ಡ ಸಮೀಕ್ಷೆಯೊಂದಕ್ಕೆ ಬರೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992-93ರಲ್ಲಿ ಶುರುವಾಯಿತು. ಮುಂಬೈಯಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದರ ಹೊಣೆ ಹೊತ್ತಿದೆ. 2019-21ರಲ್ಲಿ ನಡೆದ ಐದನೆಯ ಸುತ್ತಿನಲ್ಲಿ ದೇಶದ ಆರು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋದರು. ಏಳು ಲಕ್ಷಕ್ಕೂ ಹೆಚ್ಚು ಹೆಂಗಸರು, ಒಂದು ಲಕ್ಷಕ್ಕೂ ಹೆಚ್ಚು ಗಂಡಸರು ಉತ್ತರ ಕೊಟ್ಟರು. ಅದರಲ್ಲಿ ಎಚ್‌ಐವಿ ಬಗ್ಗೆ ಕೇಳಿದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಒಂದು ಜಾಣತನವಿದೆ.

‘ಏಡ್ಸ್ ಬಗ್ಗೆ ಕೇಳಿದ್ದೀರಾ’ ಎಂದಷ್ಟೇ ಕೇಳಿ ಬಿಟ್ಟಿದ್ದರೆ ಬಹುಪಾಲು ಜನ ಹೌದೆನ್ನುತ್ತಿದ್ದರು. ಸಮೀಕ್ಷೆ ಅಲ್ಲಿಗೆ ನಿಲ್ಲುವುದಿಲ್ಲ. ಕಾಂಡೋಮ್ ಬಳಸಿದರೆ ಅಪಾಯ ಕಡಿಮೆಯಾಗುತ್ತದೆಯೇ, ಸೋಂಕಿಲ್ಲದ ಒಬ್ಬರೇ ಸಂಗಾತಿಯೊಂದಿಗೆ ನಿಷ್ಠೆಯಿಂದಿದ್ದರೆ ಕಡಿಮೆಯಾಗುತ್ತದೆಯೇ, ನೋಡಲು ಗಟ್ಟಿಮುಟ್ಟಾಗಿರುವವರಿಗೂ ಸೋಂಕು ಇರಬಹುದೇ ಎಂದು ಕೇಳುತ್ತದೆ. ಇವುಗಳ ನಡುವೆ ಸೊಳ್ಳೆ ಕಚ್ಚಿದರೆ ಬರುತ್ತದೆಯೇ, ಸೋಂಕಿತರೊಡನೆ ಊಟ ಹಂಚಿಕೊಂಡರೆ ಬರುತ್ತದೆಯೇ ಎಂದೂ ಕೇಳುತ್ತದೆ. ಮನೆಗೆ ಬಂದವರ ಮಾತಿಗೆ ಇಲ್ಲವೆನ್ನಬಾರದು ಎಂಬ ದಾಕ್ಷಿಣ್ಯ ನಮ್ಮಲ್ಲಿ ಬಹಳ. ಎಲ್ಲಕ್ಕೂ ಹೌದು ಹೌದು ಎನ್ನುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಸರಿಯಾದದ್ದನ್ನು ಒಪ್ಪಿ, ಬಹಳ ಜನ ನಂಬಿರುವ ಎರಡು ತಪ್ಪು ಕಲ್ಪನೆಗಳನ್ನು ತಳ್ಳಿಹಾಕಿದವರನ್ನು ಮಾತ್ರ ‘ಸಮಗ್ರ ತಿಳಿವಳಿಕೆ ಇದ್ದವರು’ ಎಂದು ಎಣಿಸುತ್ತಾರೆ. ಹೀಗೆ ಎಣಿಸಿದಾಗ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 21.6, ಗಂಡಸರಲ್ಲಿ ನೂರಕ್ಕೆ 30.7 ಮಂದಿ ಮಾತ್ರ ಉಳಿದರು. ಹಿಂದಿನ ಸುತ್ತಿಗೆ ಹೋಲಿಸಿದರೆ ಹೆಚ್ಚೇನೂ ವ್ಯತ್ಯಾಸವಿಲ್ಲ. ದೇಶದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ. ಅಂದಿನಿಂದ ಗೋಡೆಬರಹ, ಬೀದಿನಾಟಕ, ರೇಡಿಯೋ, ಟಿವಿ ಎಲ್ಲವೂ ಆಗಿವೆ. ಹೆಸರು ಎಲ್ಲರ ಕಿವಿಗೂ ಬಿದ್ದಿದೆ. ಹರಡುವ ಬಗೆ ಮಾತ್ರ ಮನಸ್ಸಿಗಿಳಿದಿಲ್ಲ. ಹೆದರಿಸಿದ್ದು ಹೆಚ್ಚಾಯಿತು, ವಿವರಿಸಿದ್ದು ಕಡಿಮೆಯಾಯಿತು ಎಂದು ಆ ಅಂಕಿಯನ್ನು ನಾನು ಓದಿಕೊಳ್ಳುತ್ತೇನೆ.

ಇದೇ ಸಮೀಕ್ಷೆ ಕ್ಷಯರೋಗದ ಬಗ್ಗೆಯೂ ಕೇಳುತ್ತದೆ. ಹೇಗೆ ಹರಡುತ್ತದೆ ಎಂದು ಕೇಳಿ, ನಿಮ್ಮ ಮನೆಯಲ್ಲಿ ಯಾರಿಗಾದರೂ ಬಂದರೆ ಗುಟ್ಟಾಗಿಡಲು ಬಯಸುತ್ತೀರಾ ಎಂದೂ ಕೇಳುತ್ತದೆ. ಈ ಎರಡನೆಯ ಪ್ರಶ್ನೆ ಬಹಳ ಮುಖ್ಯ. ಕ್ಷಯ ಗಾಳಿಯಲ್ಲಿ ಹರಡುತ್ತದೆಂದು ಸರಿಯಾಗಿಯೇ ಹೇಳಿದ ಮನುಷ್ಯ, ಮಗಳ ಮದುವೆಗೆ ಅಡ್ಡಿಯಾದೀತೆಂದು ಮನೆಯವರ ಕೆಮ್ಮನ್ನು ಮುಚ್ಚಿಟ್ಟರೆ ಆ ತಿಳಿವಳಿಕೆಯಿಂದ ಯಾರಿಗೆ ಉಪಕಾರ?

ಕೇಳುವುದಕ್ಕಿಂತ ನೋಡುವುದೇ ಮೇಲು ಎನ್ನುವ ಸಂದರ್ಭಗಳೂ ಇವೆ. ಡೆಂಗ್ಯೂ ಅಂಥದ್ದು. 2024ರಲ್ಲಿ ನಮ್ಮ ರಾಜ್ಯದಲ್ಲಿ ಡೆಂಗ್ಯೂ ಹೆಚ್ಚಾಗಿ, ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಯಿತು. ಡೆಂಗ್ಯೂ ತರುವ ಈಡಿಸ್ ಸೊಳ್ಳೆ ಹಗಲು ಹೊತ್ತು ಕಚ್ಚುತ್ತದೆ, ಚರಂಡಿಗಿಂತ ಮನೆಯ ತಿಳಿನೀರನ್ನೇ ಹುಡುಕಿಕೊಂಡು ಬರುತ್ತದೆ. ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆ ಬಂದಾಗ ಏನು ಮಾಡುತ್ತಾರೆ ನೋಡಿ. ಕೈಯಲ್ಲೊಂದು ಟಾರ್ಚು. ಹಿತ್ತಲಿಗೆ ಹೋಗಿ ಡ್ರಮ್ಮು, ತೊಟ್ಟಿ, ಹಳೆಯ ಟೈರು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಒಂದೊಂದಕ್ಕೂ ಬೆಳಕು ಬಿಟ್ಟು ನೋಡುತ್ತಾರೆ. ನೀರಿನಲ್ಲಿ ಮರಿಹುಳುಗಳು ಮೈ ಕೊಂಕಿಸುತ್ತ ಮೇಲೆ ಕೆಳಗೆ ಓಡಾಡುವುದು ಕಾಣಿಸುತ್ತದೆ.

‘ಅಕ್ಕಾ, ವಾರಕ್ಕೊಂದು ಸಲ ನೀರು ಚೆಲ್ಲಿ ಡ್ರಮ್ಮು ಉಜ್ಜಿ ತೊಳೀಬೇಕು ಅಂತ ಹೇಳಿದ್ನಲ್ಲ?’

‘ಗೊತ್ತು ಕಣಮ್ಮ. ನಲ್ಲಿ ನೀರು ಬರೋದೇ ಎಂಟು ದಿನಕ್ಕೊಂದು ಸಲ. ಇರೋದನ್ನ ಚೆಲ್ಲಿಬಿಟ್ರೆ ಪಾತ್ರೆ ತೊಳೆಯೋದು ಯಾವುದ್ರಲ್ಲಿ?’

ಈ ಮಾತನ್ನು ಬರೆದುಕೊಳ್ಳಲು ನಮೂನೆಯಲ್ಲಿ ಯಾವ ಜಾಗ? ‘ತಿಳಿವಳಿಕೆ ಇದೆ’ ಎಂದು ಒಂದು ಕಡೆ ಗುರುತು, ‘ಲಾರ್ವಾ ಇದೆ’ ಎಂದು ಇನ್ನೊಂದು ಕಡೆ ಗುರುತು. ಎರಡರ ನಡುವೆ ಇರುವುದು ನೀರು ಸರಬರಾಜಿನ ಸಮಸ್ಯೆ. ಅದಕ್ಕೆ ಇನ್ನಷ್ಟು ಕರಪತ್ರ ಹಂಚಿದರೆ ಉಪಯೋಗವಿಲ್ಲ. ಸೊಳ್ಳೆ ನುಸುಳದಂತೆ ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಕೊಡಿಸುವುದೋ, ನೀರು ಬಿಡುವ ದಿನಗಳನ್ನು ಹತ್ತಿರ ತರುವುದೋ ಆಗಬೇಕು. ಇನ್ನೊಂದು ಮಾತು. ಈಡಿಸ್ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ನೀರು ಚೆಲ್ಲಿದರೆ ಸಾಲದು, ಗೋಡೆ ಉಜ್ಜಬೇಕು ಎಂದು ಹೇಳುವುದು ಇದಕ್ಕೇ. ಕಾರಣವನ್ನೂ ಸೇರಿಸಿ ಹೇಳಿದರೆ ಜನ ಉಜ್ಜುತ್ತಾರೆ. ಕಾರಣ ಬಿಟ್ಟು ಅಪ್ಪಣೆ ಮಾತ್ರ ಕೊಟ್ಟರೆ ಚೆಲ್ಲಿ ಸುಮ್ಮನಾಗುತ್ತಾರೆ.

ಈಗ ಮೊಬೈಲಿನ ಕಡೆ ತಿರುಗೋಣ. ಇಲ್ಲೂ ಕತೆ ಅದೇ, ವೇಗ ಮಾತ್ರ ಹೆಚ್ಚು.

ಪ್ರಥಮ್ ಸಂಸ್ಥೆ 2005ರಿಂದ ನಡೆಸಿಕೊಂಡು ಬಂದಿರುವ ‘ಅಸರ್’ ಸಮೀಕ್ಷೆ ಹಳ್ಳಿಯ ಮಕ್ಕಳ ಓದು ಮತ್ತು ಲೆಕ್ಕವನ್ನು ಅಳೆಯುವುದಕ್ಕೆ ಹೆಸರಾದದ್ದು. 2024ರಲ್ಲಿ ಅದು 605 ಜಿಲ್ಲೆಗಳ ಹಳ್ಳಿಗಳಿಗೆ ಹೋದಾಗ 14ರಿಂದ 16 ವರ್ಷದ ಮಕ್ಕಳಿಗೆ ಮೊಬೈಲಿನ ವಿಷಯವನ್ನೂ ಕೇಳಿತು. ಅದರ ವಿಶೇಷವೆಂದರೆ ಕೆಲವನ್ನು ಮಾಡಿಸಿಯೇ ನೋಡಿದ್ದು. ಫೋನು ತೆಗೆದುಕೊಂಡು ಬಾ, ಅಲಾರಂ ಇಡು, ಈ ಪ್ರಶ್ನೆಗೆ ಉತ್ತರ ಹುಡುಕು, ಯೂಟ್ಯೂಬಿನಲ್ಲಿ ಈ ವಿಡಿಯೋ ತೆಗೆದು ಸ್ನೇಹಿತರಿಗೆ ಕಳಿಸು. ಇಂಥ ಕೆಲಸಗಳಲ್ಲಿ ದೇಶದ ಬಹುಕಡೆ ಹುಡುಗರು ಮುಂದಿದ್ದರೆ, ಕರ್ನಾಟಕ, ಆಂಧ್ರ, ಕೇರಳಗಳಲ್ಲಿ ಹುಡುಗಿಯರು ಹುಡುಗರಿಗೆ ಸರಿಸಮವಾಗಿ, ಕೆಲವೆಡೆ ಅವರಿಗಿಂತ ಚೆನ್ನಾಗಿ ಮಾಡಿದರು. ಸಂತೋಷಪಡಬೇಕಾದ ಸಂಗತಿ.

ಸುರಕ್ಷತೆಯ ವಿಷಯಕ್ಕೆ ಬಂದರೆ ಚಿತ್ರ ಬೇರೆ. ಸ್ಮಾರ್ಟ್‌ಫೋನ್ ಬಳಸಲು ಗೊತ್ತು ಎಂದ ಮಕ್ಕಳು ನೂರಕ್ಕೆ 82ಕ್ಕೂ ಹೆಚ್ಚು. ಸಾಮಾಜಿಕ ಜಾಲತಾಣ ಬಳಸುವವರಲ್ಲಿ, ಕಾಟ ಕೊಡುವ ಖಾತೆಯನ್ನು ಬ್ಲಾಕ್ ಮಾಡುವುದು ಅಥವಾ ದೂರು ಕೊಡುವುದು ಹೇಗೆಂದು ಗೊತ್ತಿದ್ದವರು ನೂರಕ್ಕೆ 62. ತನ್ನ ಪುಟ ಅಪರಿಚಿತರಿಗೆ ಕಾಣದಂತೆ ಮಾಡಲು ಗೊತ್ತಿದ್ದವರು ನೂರಕ್ಕೆ 55.2. ಪಾಸ್‌ವರ್ಡ್ ಬದಲಿಸಲು ಗೊತ್ತಿದ್ದವರು ನೂರಕ್ಕೆ 57.7. ಅಂದರೆ ಬಾಗಿಲು ತೆರೆಯಲು ಕಲಿತ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಚಿಲಕ ಹಾಕಲು ಯಾರೂ ಕಲಿಸಿಲ್ಲ. ಕಲಿಸಬೇಕಾದ ನಮಗೇ ಅದು ಬರುತ್ತದೆಯೇ ಎಂಬ ಪ್ರಶ್ನೆ ಬೇರೆಯೇ ಇದೆ.

ದೊಡ್ಡವರ ವಿಷಯದಲ್ಲಿ ‘ಗೊತ್ತಾ’ ಎಂದು ಕೇಳುವ ಪ್ರಶ್ನೆ ಎಷ್ಟು ಪೊಳ್ಳು ಎನ್ನುವುದಕ್ಕೆ ಹಳ್ಳಿಗಳಲ್ಲಿ ಸಾಮಾನ್ಯವಾಗಿ ನಡೆಯುವ ಒಂದು ಸಂಭಾಷಣೆ ಹೇಳುತ್ತೇನೆ.

‘ಅಜ್ಜಿ, ಎಟಿಎಂ ಪಿನ್ ಯಾರಿಗೂ ಹೇಳಬಾರದು ಅಂತ ಗೊತ್ತಾ?’

‘ಅಷ್ಟೂ ಗೊತ್ತಿಲ್ವೇನಪ್ಪ? ಟಿವೀಲಿ ದಿನಾ ಬಡ್ಕೋತಾರಲ್ಲ.’

‘ಹಾಗಾದ್ರೆ ಪಿಂಚಣಿ ದುಡ್ಡು ತೆಗೆಯೋದು ಹೇಗೆ?’

‘ನನ್ ಕಣ್ಣಿಗೆ ಅಲ್ಲಿ ಬರೆದಿರೋದು ಕಾಣುತ್ತಾ? ಅಂಗಡಿ ಹುಡುಗ ಹೋಗಿ ತಂದ್ಕೊಡ್ತಾನೆ. ನಂಬರ್ ಚೀಟೀಲಿ ಬರೆಸಿ ಕಾರ್ಡಿನ ಜೊತೇಲೇ ಇಟ್ಟಿದೀನಿ.’

ಸಮೀಕ್ಷೆಯ ಲೆಕ್ಕದಲ್ಲಿ ಈ ಅಜ್ಜಿಗೆ ಪೂರ್ತಿ ಅಂಕ. ಬದುಕಿನಲ್ಲಿ ಅವರ ಹಣದ ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿದೆ. ಅವರದು ಅಜ್ಞಾನವೇ? ಪೊರೆ ಬಂದ ಕಣ್ಣು, ಅರ್ಥವಾಗದ ಪರದೆ, ಊರಿನಲ್ಲಿಲ್ಲದ ಮಗ, ದೂರದ ಬ್ಯಾಂಕು, ಇವೆಲ್ಲ ಸೇರಿ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿವೆ.

ಹಾಗಾದರೆ ಒಳ್ಳೆಯ ಪ್ರಶ್ನೆ ಹೇಗಿರಬೇಕು? ಉಪದೇಶವನ್ನು ಒಪ್ಪಿಸಿಕೊಳ್ಳುವ ಬದಲು ಸಂದರ್ಭವನ್ನು ಎದುರಿಗಿಡಬೇಕು. ಉದಾಹರಣೆಗೆ: ‘ನೀವು ಹಳೆಯ ಮಂಚ ಮಾರಾಟಕ್ಕಿಟ್ಟಿದ್ದೀರಿ. ಕೊಳ್ಳುವವನು ಫೋನ್ ಮಾಡಿ, ದುಡ್ಡು ಕಳಿಸಿದ್ದೇನೆ, ನಿಮ್ಮ ಖಾತೆಗೆ ಬೀಳಬೇಕಾದರೆ ಯುಪಿಐ ಪಿನ್ ಒತ್ತಿ ಅನ್ನುತ್ತಾನೆ. ಏನು ಮಾಡುತ್ತೀರಿ?’ ಹಣ ಕಳಿಸುವಾಗ ಮಾತ್ರ ಪಿನ್ ಬೇಕು, ಪಡೆಯಲು ಬೇಕಿಲ್ಲ. ಇದೊಂದು ಸಂಗತಿ ಗಟ್ಟಿಯಾಗಿ ತಿಳಿದವರು ಅಲ್ಲಿಯೇ ಫೋನ್ ಇಡುತ್ತಾರೆ. ‘ಪಿನ್ ಹೇಳಬಾರದು’ ಎಂಬುದನ್ನಷ್ಟೇ ಬಾಯಿಪಾಠ ಮಾಡಿದವರು ಒತ್ತಿಬಿಡುತ್ತಾರೆ. ಅವರು ಯಾರಿಗೂ ಹೇಳಿಲ್ಲವಲ್ಲ, ತಾವೇ ಒತ್ತಿದ್ದು!

ಇನ್ನೊಂದು: ‘ರಾತ್ರಿ ಒಂಬತ್ತಕ್ಕೆ ನಿಮ್ಮ ಖಾತೆಯಿಂದ ಹಣ ಹೋಗಿದೆ. ಮೊದಲು ಏನು ಮಾಡುತ್ತೀರಿ?’ ಬೆಳಿಗ್ಗೆ ಬ್ಯಾಂಕಿಗೆ ಹೋಗುತ್ತೇನೆ ಎಂಬ ಉತ್ತರ ಬಂದರೆ ನಮ್ಮ ಪ್ರಚಾರ ಸೋತಿದೆ ಎಂದರ್ಥ. 1930 ಎಂಬ ಸಹಾಯವಾಣಿಗೆ ತಕ್ಷಣ ಕರೆ ಮಾಡಿದರೆ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿಹೋಗುವ ಮುನ್ನ ತಡೆಹಿಡಿಯುವ ಅವಕಾಶವಿದೆ. ಬೆಳಗಾದರೆ ಆ ಅವಕಾಶ ಕೈತಪ್ಪಬಹುದು.

ಪ್ರಶ್ನೆಗಳನ್ನು ಕಾಲಕಾಲಕ್ಕೆ ಬದಲಿಸಲೂಬೇಕು. ಮೊದಲು ಮೋಸಗಾರ ಓಟಿಪಿ ಕೇಳುತ್ತಿದ್ದ. ಜನ ಎಚ್ಚೆತ್ತರು. ಆಮೇಲೆ ‘ಡಿಜಿಟಲ್ ಅರೆಸ್ಟ್’ ಬಂತು. ವಿಡಿಯೋ ಕರೆಯಲ್ಲಿ ಪೊಲೀಸ್ ಸಮವಸ್ತ್ರ, ಹಿಂದೆ ಠಾಣೆಯಂಥ ಕೋಣೆ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂಬ ಬೆದರಿಕೆ. ಇಲ್ಲಿ ಓಟಿಪಿಯ ಮಾತೇ ಬರುವುದಿಲ್ಲ. ಹೆದರಿದ ಮನುಷ್ಯ ತಾನೇ ಹಣ ವರ್ಗಾಯಿಸುತ್ತಾನೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರು ಆಕಾಶವಾಣಿಯ ‘ಮನ್ ಕಿ ಬಾತ್’ನಲ್ಲಿ ಹೇಳಬೇಕಾಗಿ ಬಂತು. ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡ ಹಣ 2023ರಲ್ಲಿ ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿಗೆ ಏರಿತು. ಕಳೆದುಕೊಂಡವರಲ್ಲಿ ನಿವೃತ್ತ ಅಧಿಕಾರಿಗಳು, ವೈದ್ಯರು, ಸಾಫ್ಟ್‌ವೇರ್ ಕೆಲಸದವರು ಎಲ್ಲರೂ ಇದ್ದಾರೆ. ಪ್ರಶ್ನಾವಳಿ ಕೊಟ್ಟಿದ್ದರೆ ಇವರೆಲ್ಲ ಒಳ್ಳೆಯ ಅಂಕ ಪಡೆಯುತ್ತಿದ್ದರು. ಶಾಂತವಾಗಿ ಕುಳಿತಾಗ ಇರುವ ತಿಳಿವಳಿಕೆ ಭಯದಲ್ಲಿ ಕೈಗೆ ಸಿಗುವುದಿಲ್ಲ. ಆದ್ದರಿಂದ ಏನು ಗೊತ್ತು ಎಂಬುದರ ಜೊತೆಗೆ, ಗಾಬರಿಯಾದಾಗ ನೀವು ಯಾರಿಗೆ ಫೋನ್ ಮಾಡುತ್ತೀರಿ ಎಂದೂ ಕೇಳಬೇಕು. ಹಾಗೆ ಫೋನ್ ಮಾಡಲು ಒಬ್ಬರಿದ್ದಾರೆ ಎನ್ನುವುದೇ ಎಷ್ಟೋ ಸಲ ದೊಡ್ಡ ರಕ್ಷಣೆ.

ಇನ್ನು ಯಾರನ್ನು ಕೇಳಬೇಕು ಎಂಬ ವಿಷಯ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ನಿಜ, ಆದರೆ ಮೇಲಿನ ಅಗುಳನ್ನೇ ಹಿಸುಕಿ ನೋಡಿದರೆ ತಳದ ಸುದ್ದಿ ತಿಳಿಯುವುದಿಲ್ಲ. ವಾಟ್ಸಾಪಿನಲ್ಲಿ ಒಂದು ಫಾರಂ ಹರಿಯಬಿಟ್ಟು ಡಿಜಿಟಲ್ ಅರಿವಿನ ಸಮೀಕ್ಷೆ ಮಾಡಿದೆವು ಎನ್ನುವವರಿದ್ದಾರೆ. ಫಾರಂ ತುಂಬಬಲ್ಲವರ ಉತ್ತರ ಮಾತ್ರ ಅಲ್ಲಿ ಬರುತ್ತದೆ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹಾಗಲ್ಲ. ಆರಿಸಿದ ಊರಿನ ಅಥವಾ ಬಡಾವಣೆಯ ಮನೆಗಳನ್ನೆಲ್ಲ ಮೊದಲು ಪಟ್ಟಿ ಮಾಡಿ, ಅದರಿಂದ 22 ಮನೆಗಳನ್ನು ಲೆಕ್ಕಾಚಾರದ ಪ್ರಕಾರ ಆರಿಸುತ್ತಾರೆ. ಸಂದರ್ಶಕರಿಗೆ ಅನುಕೂಲವಾದ ಮನೆಯಲ್ಲ, ಪಟ್ಟಿಯಲ್ಲಿ ಬಂದ ಮನೆ. ಬಾಗಿಲು ಹಾಕಿದ್ದರೆ ಮತ್ತೆ ಬರಬೇಕು. ಹೀಗೆ ಹೋದದ್ದರಿಂದಲೇ ಇನ್ನೊಂದು ಸತ್ಯ ಹೊರಬಂತು: 2019-21ರಲ್ಲಿ ಇಂಟರ್ನೆಟ್ಟನ್ನು ಒಮ್ಮೆಯಾದರೂ ಬಳಸಿದ್ದ ಹೆಂಗಸರು ದೇಶದಲ್ಲಿ ನೂರಕ್ಕೆ 33 ಮಾತ್ರ, ಗಂಡಸರು 57. ಆಮೇಲೆ ಫೋನುಗಳು ಬಹಳ ಹೆಚ್ಚಿವೆ. ಆದರೆ ಮನೆಗೊಂದು ಫೋನ್ ಬಂದ ಮಾತ್ರಕ್ಕೆ ಅದು ಮನೆಯಾಕೆಯ ಕೈಗೆ ಬಂತೆಂದಲ್ಲ.

ಉತ್ತರ ಕೊಡುವಾಗ ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದೂ ಅಷ್ಟೇ ಮುಖ್ಯ. ಸೊಸೆಯನ್ನು ಕೇಳಿದರೆ ಅಡುಗೆಮನೆಯಿಂದ ಅತ್ತೆ ಉತ್ತರ ಕೊಡುತ್ತಾರೆ. ಹೆಂಡತಿಯನ್ನು ಕೇಳಿದರೆ ಗಂಡ ‘ಅವಳಿಗೇನು ಗೊತ್ತು, ನನ್ನನ್ನು ಕೇಳಿ’ ಎನ್ನುತ್ತಾನೆ. ಎಚ್‌ಐವಿಯ ಬಗೆಗಾಗಲಿ, ಫೋನಿನಲ್ಲಿ ಕೆಟ್ಟ ಸಂದೇಶ ಬಂದ ಬಗೆಗಾಗಲಿ ನಾಲ್ಕು ಜನರೆದುರು ಯಾವ ಹೆಣ್ಣುಮಗಳೂ ಬಾಯಿ ಬಿಡುವುದಿಲ್ಲ. ಅನುಭವವಿರುವ ಸಂದರ್ಶಕಿ ಮೊದಲು ಕುಡಿಯಲು ನೀರು ಕೇಳಿ, ಮಕ್ಕಳ ಓದು ವಿಚಾರಿಸಿ, ಹಿತ್ತಲ ಕಡೆ ಹೋಗಿ ಮಾತಾಡೋಣವೇ ಎನ್ನುತ್ತಾಳೆ. ಆ ಹಿತ್ತಲಲ್ಲಿ ಸಿಗುವ ಉತ್ತರವೇ ನಿಜವಾದ ಉತ್ತರ.

ಇಲ್ಲೊಂದು ವಿಚಿತ್ರವಿದೆ. ಅಪರಿಚಿತರು ಫೋನ್ ಮಾಡಿ, ಡಿಜಿಟಲ್ ಸುರಕ್ಷತೆಯ ಸಮೀಕ್ಷೆ ಮಾಡುತ್ತಿದ್ದೇವೆ, ನಿಮ್ಮ ಬ್ಯಾಂಕು ಯಾವುದು ಎಂದು ಕೇಳಿದರೆ, ಉತ್ತರ ಕೊಡದೆ ಫೋನ್ ಇಟ್ಟವರೇ ಆ ಪರೀಕ್ಷೆಯಲ್ಲಿ ತೇರ್ಗಡೆಯಾದವರು! ಹಾಗಾಗಿ ಒಂದು ಮಾತು ನೆನಪಿರಲಿ. ಅರಿವಿನ ಸಮೀಕ್ಷೆಗೆ ನಿಮ್ಮ ಖಾತೆ ಸಂಖ್ಯೆ, ಪಿನ್, ಬ್ಯಾಂಕಿನ ಓಟಿಪಿ ಯಾವುದೂ ಬೇಕಿಲ್ಲ. ಬಂದವರು ಗುರುತಿನ ಚೀಟಿ ತೋರಿಸಬೇಕು, ಯಾತಕ್ಕಾಗಿ ಕೇಳುತ್ತಿದ್ದೇವೆಂದು ಹೇಳಬೇಕು, ನಿಮ್ಮ ಒಪ್ಪಿಗೆ ಪಡೆಯಬೇಕು. ಬೇಡವೆನಿಸಿದ ಪ್ರಶ್ನೆಗೆ ಉತ್ತರ ಕೊಡದಿರಲು ನಿಮಗೆ ಸ್ವಾತಂತ್ರ್ಯವಿದೆ.

ಕೊನೆಯದಾಗಿ, ಇವೆಲ್ಲಕ್ಕಿಂತ ನನ್ನನ್ನು ಕಾಡುವ ವಿಷಯ. ಹೀಗೆ ಹೊತ್ತು ಕೊಟ್ಟು, ಮನಸ್ಸು ಬಿಚ್ಚಿ ಉತ್ತರ ಹೇಳಿದ ಊರಿಗೆ ಫಲಿತಾಂಶ ತಿಳಿಸಲು ಮರಳಿ ಬರುವವರು ಯಾರು? ವರದಿ ದೆಹಲಿಗೆ, ಬೆಂಗಳೂರಿಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಉತ್ತರ ಕೊಟ್ಟ ತಾಯಿಗೆ, ಸೊಳ್ಳೆಯಿಂದ ಎಚ್‌ಐವಿ ಬರುತ್ತದೆ ಎಂದ ತನ್ನ ಮಾತು ಸರಿಯೋ ತಪ್ಪೋ ಎಂಬುದು ತಿಳಿಯುವುದೇ ಇಲ್ಲ. ಸಂದರ್ಶನ ನಡೆಯುವಾಗ ತಿದ್ದಿದರೆ ಸಮೀಕ್ಷೆ ಕೆಡುತ್ತದೆ, ಒಪ್ಪುತ್ತೇನೆ. ಮುಗಿದ ಮೇಲೆ ತಿದ್ದಲು ಏನಡ್ಡಿ? ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮಸಭೆ ನಡೆಯುತ್ತದೆ, ಊರಿನ ಆರೋಗ್ಯ ಸಮಿತಿ ಇದೆ, ಶಾಲೆಯಿದೆ, ಸ್ತ್ರೀಶಕ್ತಿ ಸಂಘಗಳಿವೆ. ನಮ್ಮ ತಾಲ್ಲೂಕಿನ ಕಡೆ ಜನ ಹೆಚ್ಚು ತಪ್ಪು ಹೇಳಿದ್ದು ಈ ಮೂರು ಪ್ರಶ್ನೆಗಳಿಗೆ, ಸರಿ ಉತ್ತರ ಇಂತಿದೆ, ಕಾರಣ ಇದು ಎಂದು ಅರ್ಧ ಗಂಟೆ ಕನ್ನಡದಲ್ಲಿ ಹೇಳಲು ಹೆಚ್ಚು ಖರ್ಚಿಲ್ಲ. ನೀರಿನ ತೊಂದರೆಯಿಂದ ಡ್ರಮ್ಮು ಖಾಲಿ ಮಾಡಲಾಗುತ್ತಿಲ್ಲ ಎಂದು ಹತ್ತು ಮನೆಯವರು ಹೇಳಿದ್ದರೆ, ಅದನ್ನು ಪಂಚಾಯಿತಿಯ ಮುಂದಿಡುವ ಜಾಗವೂ ಅದೇ.

ಮುಂದಿನ ಸಲ ನಿಮ್ಮ ಮನೆಗೆ ಸಮೀಕ್ಷೆಯವರು ಬಂದು ಎಲ್ಲ ಪ್ರಶ್ನೆ ಮುಗಿಸಿ ಎದ್ದು ನಿಂತಾಗ, ನಿಮ್ಮ ಕಡೆಯಿಂದಲೂ ಒಂದು ಪ್ರಶ್ನೆ ಕೇಳಿ: ಇದರ ಫಲಿತಾಂಶ ನಮಗೆ ಯಾವಾಗ, ಎಲ್ಲಿ ಹೇಳುತ್ತೀರಿ? ಎಲ್ಲ ಊರುಗಳಲ್ಲೂ ಈ ಪ್ರಶ್ನೆ ಎದ್ದರೆ ಹೇಳುವ ವ್ಯವಸ್ಥೆ ತಾನಾಗಿ ಆಗುತ್ತದೆ.